ನೀರೆಂದರೆ ಭಯ, ಮಗ ಹೊನ್ನಾವರಕ್ಕೆ ಕರೆಯುತ್ತಿದ್ದಾನೆ

ಪ್ರಶ್ನೆ: ನನಗೆ 54 ವರ್ಷ, ಪ್ರೌಢಶಾಲೆ ಶಿಕ್ಷಕಿ. ಡಿಸೆಂಬರ್‌ನಲ್ಲಿ ಮಗ, ಸೊಸೆ ನಮ್ಮಿಬ್ಬರನ್ನೂ ನಾಲ್ಕು ದಿನ ಹೊನ್ನಾವರಕ್ಕೆ ಕರೆದೊಯ್ಯುತ್ತಿದ್ದಾರೆ. ರೂಮು ಬುಕ್ ಆಗಿದೆ. ‘ಅಮ್ಮಾ, ನೀನು ಆರಾಮಾಗಿರು, ಒಂದು ದಿನ ಎಲ್ಲರೂ ಕಯಾಕಿಂಗ್ ಮಾಡೋಣ’ ಅನ್ನುತ್ತಾನೆ ಮಗ. ನಾನು ಎಂಟು ವರ್ಷದವಳಿದ್ದಾಗ ನನ್ನ ಅಣ್ಣ ಊರ ಕೆರೆಯಲ್ಲಿ ಮುಳುಗಿಹೋದ. ಅಂದಿನಿಂದ ಪಾದ ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ಮಗನಿಗೆ ಇದನ್ನು ಹೇಳಿಲ್ಲ. ಬರುವುದಿಲ್ಲ ಎಂದರೆ ಅವರ ಖುಷಿ ಹಾಳು, ಹೋಗೋಣವೆಂದರೆ ಈಗಲೇ ರಾತ್ರಿ ನಿದ್ದೆಯಿಲ್ಲ. ಏನು ಮಾಡಲಿ?
– ಹೆಸರು ಬೇಡ, ತುಮಕೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ‘ಮಗನಿಗೆ ಹೇಳಿಲ್ಲ’ ಎಂಬಲ್ಲಿ ನಿಂತೆ. ಮಗು ತೀರಿಹೋದ ಮನೆಯಲ್ಲಿ ದೊಡ್ಡವರು ಅಳುತ್ತಾರೆ, ಉಳಿದ ಮಕ್ಕಳನ್ನು ಪಕ್ಕದ ಮನೆಗೆ ಕಳಿಸುತ್ತಾರೆ. ಆಮೇಲೆ ಯಾರೂ ಆ ಮಾತು ಎತ್ತುವುದಿಲ್ಲ. ಏನಾಯಿತೆಂದು ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದವರು ಯಾರಾದರೂ ಇದ್ದರೇ? ಆ ಎಂಟು ವರ್ಷದ ಹುಡುಗಿ ಇನ್ನೂ ಕೆರೆ ಏರಿಯ ಮೇಲೇ ನಿಂತಿದ್ದಾಳೆ ಅನ್ನಿಸುತ್ತದೆ ನನಗೆ.

ಹಾಗಾಗಿ ಮೊದಲು ಮಗನಿಗೆ ಹೇಳಿ. ಉದ್ದ ಕತೆ ಬೇಕಿಲ್ಲ. ‘ನಿನಗೊಬ್ಬ ಸೋದರಮಾವ ಇದ್ದ ಕಣೋ, ಕೆರೇಲಿ ಹೋಗ್ಬಿಟ್ಟ, ಅದಕ್ಕೇ ನಂಗೆ ನೀರು ಅಂದ್ರೆ ಭಯ’ ಅಂದರೆ ಸಾಕು. ಅವನ ಖುಷಿ ಹಾಳಾಗುವುದಿಲ್ಲ. ಗೊತ್ತಿಲ್ಲದೆ ಅಮ್ಮನನ್ನು ಬಲವಂತವಾಗಿ ನೀರಿಗಿಳಿಸಿದ್ದರೆ ಅವನಿಗೆ ಆಗುತ್ತಿದ್ದ ಸಂಕಟ ದೊಡ್ಡದು.

ಪ್ರವಾಸ ತಪ್ಪಿಸಬೇಡಿ. ಭಯವಿರುವ ಕಡೆಯಿಂದ ದೂರ ಉಳಿದಷ್ಟೂ ಭಯ ಬಲಿಯುತ್ತದೆ. ಹಾಗೆಂದು ‘ಒಮ್ಮೆ ನೀರಿಗೆ ಬಿದ್ದರೆ ಎಲ್ಲ ಸರಿಹೋಗುತ್ತೆ’ ಎನ್ನುವವರ ಮಾತನ್ನೂ ಕೇಳಬೇಡಿ. ಹಳೆಯ ಗಾಯ ಕೆದರಿದಂತಾಗುತ್ತದೆ.

ನಿಮಗೆ ಹೊನ್ನಾವರ ಒಳ್ಳೆಯ ಜಾಗ. ಶರಾವತಿ ಅಲ್ಲಿ ಕಡಲು ಸೇರುತ್ತದೆ. ಅಳಿವೆಯ ಒಳಗೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ, ತೆರೆಗಳ ಹೊಡೆತವಿಲ್ಲ. ಕಾಂಡ್ಲಾ ಕಾಡಿನೊಳಗೆ ಹಲಗೆ ಹಾಸಿದ ಕಾಲುದಾರಿಯೂ ಇದೆ. ಮೊದಲ ದಿನ ಅಲ್ಲಿಗಷ್ಟೇ ಹೋಗಿ, ಇಳಿತದ ಹೊತ್ತಿಗೆ. ನೀರು ಸರಿದ ಕೆಸರಿನಲ್ಲಿ ಬೇರುಗಳು ಬಿದಿರುಬುಟ್ಟಿ ಬೋರಲು ಹಾಕಿದಂತೆ ನಿಂತಿರುತ್ತವೆ, ಬೆರಳುಗಾತ್ರದ ಏಡಿಗಳು ಬಿಲದಿಂದ ಇಣುಕಿ ಒಳಸೇರುತ್ತವೆ. ಸುಮಾರು ಆರು ಗಂಟೆ ಬಿಟ್ಟು ಅಲ್ಲಿಗೇ ಮತ್ತೆ ಬನ್ನಿ. ಉಬ್ಬರದ ನೀರು ಸದ್ದಿಲ್ಲದೆ ಬೇರುಗಳ ಮೇಲೆ ಬಂದಿರುತ್ತದೆ. ನಿಮ್ಮ ನೆನಪಿನಲ್ಲಿರುವುದು ಹೇಳದೆ ಕೇಳದೆ ಅಣ್ಣನನ್ನು ಕಿತ್ತುಕೊಂಡ ನೀರು. ಬರುವುದಕ್ಕೂ ಹೋಗುವುದಕ್ಕೂ ಹೊತ್ತುಗೊತ್ತಿರುವ ನೀರನ್ನು ಒಮ್ಮೆ ಕಣ್ಣಾರೆ ನೋಡಿ.

ಮರುದಿನ ಸಂಜೆ ಕಾಸರಕೋಡು ತೀರ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕ ತೀರವದು. ಯಜಮಾನರ ಕೈ ಹಿಡಿದು ಪಾದ ನೆನೆಯುವಷ್ಟು ನಿಲ್ಲಿ. ಎದೆ ಹೊಡೆದುಕೊಂಡರೆ ಉಸಿರು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಕೆಂಪು ಬಾವುಟ ಹಾರಿದ್ದರೆ ಯಾರೂ ಇಳಿಯುವುದು ಬೇಡ.

ಕಯಾಕ್ ಹತ್ತುವುದು ಮೂರನೆಯ ದಿನ, ಮನಸ್ಸಾದರೆ ಮಾತ್ರ. ಮಧ್ಯಾಹ್ನದ ಮೇಲೆ ಕಡಲಗಾಳಿ ಏಳುವುದರಿಂದ ಬೆಳಿಗ್ಗೆಯೇ ಮುಗಿಸಿ, ಅದೂ ಅಳಿವೆಯ ಒಳಗೆ. ಮೇಲೆ ಕೂರುವ ಬಗೆಯ ಕಯಾಕ್ ಟೊಳ್ಳು ಪ್ಲಾಸ್ಟಿಕ್ಕಿನದು, ಮಗುಚಿದರೂ ತೇಲುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಸೊಸೆಗೆ ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಲು ಹೇಳಿ. ಕಿವಿಯವರೆಗೆ ಬಂದರೆ ಸಡಿಲ, ಇನ್ನೂ ಬಿಗಿಯಬೇಕು. ಇಬ್ಬರು ಕೂರುವ ಕಯಾಕ್ ತೆಗೆದುಕೊಂಡು ಹಿಂದೆ ಅಲ್ಲಿನ ನುರಿತವರನ್ನು ಕೂರಿಸಿಕೊಳ್ಳಿ, ಮಗನನ್ನಲ್ಲ. ಅವನ ಜೀವದ ಚಿಂತೆಯೂ ನಿಮ್ಮ ತಲೆಗೇ ಬರುತ್ತದೆ. ‘ಸಾಕು’ ಎಂದ ಕೂಡಲೇ ದಡಕ್ಕೆ ತಿರುಗಿಸಬೇಕೆಂದು ಮೊದಲೇ ಮಾತಾಗಿರಲಿ. ನಾನು ಮೊದಲ ಸಲ ಕೂತಾಗ ಹುಟ್ಟಿನಿಂದ ತೊಟ್ಟಿಕ್ಕಿದ ಹನಿ ಮಡಿಲಿಗೆ ಬಿತ್ತು. ಬೆಚ್ಚಗಿತ್ತು. ಕೈ ನಡುಗುವುದು ನಿಂತದ್ದು ಆಗ.

ಹತ್ತುವುದು ಬೇಡವೆನ್ನಿಸಿದರೆ ದಡದಲ್ಲಿ ಎಳನೀರು ಕುಡಿಯುತ್ತಾ ಕೂತಿರಿ. ಯಾರಿಗೂ ಕಾರಣ ಕೊಡಬೇಕಿಲ್ಲ. ಆದರೆ ಮಗ ನೀರಿನಲ್ಲಿರುವುದನ್ನು ದಡದಿಂದ ನೋಡುವುದು ನಿಮಗೆ ಇನ್ನೂ ಕಷ್ಟವಾದೀತು. ಎಷ್ಟು ಹೊತ್ತಿಗೆ ವಾಪಸ್ಸು ಎಂದು ಹೇಳಿ ಹೋಗಲಿ, ಹೇಳಿದ ಹೊತ್ತಿಗೆ ಬರಲಿ. ಜಾಕೆಟ್ ಅವರ ಮೈಮೇಲಿರಲಿ, ಕಯಾಕ್‌ನಲ್ಲಿ ಬಿದ್ದಿರುವುದಲ್ಲ.

ನಿದ್ದೆ ಬಾರದ್ದು ಹೀಗೇ ಮುಂದುವರಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಅಣ್ಣನ ಫೋಟೋ ಇದ್ದರೆ ಬ್ಯಾಗಿನಲ್ಲಿಟ್ಟುಕೊಳ್ಳಿ. ಒಂದು ಸಂಜೆ ಎಲ್ಲರೂ ಕೂತಾಗ ತೋರಿಸಿ. ಅವನು ಏನು ತಿನ್ನುತ್ತಿದ್ದ, ನಿಮ್ಮನ್ನು ಏನೆಂದು ಕರೆಯುತ್ತಿದ್ದ, ಮಗ ಕೇಳಿಯೇ ಕೇಳುತ್ತಾನೆ.