ಡ್ರೆಸ್ ಕೋಡ್ ಯಾತಕ್ಕೆ? ಕೆಲಸಕ್ಕೋ, ನೋಡೋರಿಗೋ?

ಇನ್ನೇನು ಇಂಟರ್ನ್‌ಶಿಪ್ ಹುಡುಕಾಟ ಶುರುವಾಗುತ್ತೆ. ರೆಸ್ಯೂಮೆ ಹೇಗೆ ಬರೀಬೇಕು, ಇಂಟರ್‌ವ್ಯೂನಲ್ಲಿ ಹೇಗೆ ಮಾತಾಡಬೇಕು ಅಂತ ಹೇಳಿಕೊಡೋರು ಬಹಳ ಜನ ಇದ್ದಾರೆ. ಆದರೆ ಮೊದಲ ದಿನವೇ "ಹುಡುಗಿಯರು ಇಂಥದ್ದೇ ಹಾಕ್ಕೊಂಡು ಬರಬೇಕು" ಅಂದರೆ ಏನು ಮಾಡಬೇಕು? ಅದನ್ನು ಯಾವ ಟ್ರೇನಿಂಗ್‌ನಲ್ಲೂ ಹೇಳಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ನಾವು ನಾಲ್ವರು ಕೂತು ಚರ್ಚಿಸಿದ ಪಾಠ ಇದು.

ಅಕ್ಕನ ಕತೆ

ಶಿಗ್ಗಾಂವಿಯ ನಮ್ಮ ಸೀನಿಯರ್ ಅಕ್ಕ ಸಿವಿಲ್ ಬ್ರಾಂಚ್. ಹೋದ ವರ್ಷ ಒಂದು ಕಟ್ಟಡದ ಸೈಟಿಗೆ ಇಂಟರ್ನ್ ಆಗಿ ಹೋಗಿದ್ದಳು. ಅಲ್ಲಿ ಹುಡುಗಿಯರಿಗೆ ಚೂಡಿದಾರ, ಪಿನ್ ಹಾಕಿದ ದುಪಟ್ಟಾ ಕಡ್ಡಾಯ. ಹುಡುಗರಿಗೆ ಯಾವ ನಿಯಮವೂ ಇಲ್ಲ, ಜೀನ್ಸ್ ಟೀಶರ್ಟ್‌ನಲ್ಲೇ ಬರ್ತಿದ್ದರು. ಮೂರನೇ ದಿನ ಏಣಿ ಇಳಿಯುವಾಗ ಅಕ್ಕನ ದುಪಟ್ಟಾ ಸರಳಿಗೆ ಸಿಕ್ಕಿ ಎಳೆಯಿತು. ಪುಣ್ಯಕ್ಕೆ ಬೀಳಲಿಲ್ಲ. ಮನೆಗೆ ಫೋನ್ ಮಾಡಿದರೆ ಅಪ್ಪ, "ಒಂದ್ ತಿಂಗಳದ್ದು, ಹೊಂದ್ಕೊಂಡ್ ಹೋಗವಾ" ಅಂದರು. ಸರ್ಟಿಫಿಕೇಟ್‌ಗೆ ಸಹಿ ಹಾಕೋರೂ ಅದೇ ಸೈಟ್ ಇಂಜಿನಿಯರ್. ಹೀಗಿರುವಾಗ ಎದುರು ಮಾತಾಡೋದು ಸುಲಭವಲ್ಲ.

ಹೊಲದಲ್ಲಿ ಕಂಡ ಉತ್ತರ

ಇದನ್ನು ಕೇಳಿದ ಮೇಲೆ ರಜೆಗೆ ಊರಿಗೆ ಹೋದಾಗ ನಾವು ಒಂದು ವಿಷಯ ಗಮನಿಸಿದೆವು. ಹಾನಗಲ್ ಕಡೆ ಭತ್ತದ ನಾಟಿ ಹಚ್ಚುವವರು ಸೀರೆಯನ್ನು ಮೊಣಕಾಲ ತನಕ ಎತ್ತಿ ಸಿಗಿಸಿಕೊಳ್ಳುತ್ತಾರೆ. ಸವಣೂರು ಕಡೆ ಹತ್ತಿ ಬಿಡಿಸುವವರು, ಹಿರೇಕೆರೂರು ಕಡೆ ಗೋವಿನಜೋಳ ಮುರಿಯುವವರು ಸೀರೆಯ ಮೇಲೆ ಗಂಡನದೋ ಮಗನದೋ ತುಂಬು ತೋಳಿನ ಅಂಗಿ ಹಾಕ್ಕೊಂಡಿರ್ತಾರೆ. "ಗಂಡಸರ ಅಂಗಿ ಯಾಕ ಹಾಕ್ಕೊಂಡಿ ಬೇ?" ಅಂತ ನಮ್ಮಲ್ಲೊಬ್ಬ ಕೇಳಿದ್ದಕ್ಕೆ ಅವನ ಅವ್ವ ನಕ್ಕು, "ಗ್ವಾನಜ್ವಾಳದ ಎಲಿ ಕೈ ಕೊಯ್ತಾವಲ್ಲೋ, ಅದಕ್ಕ" ಅಂದರು.

ಅಲ್ಲಿ ಬಟ್ಟೆಗೆ ಕಾರಣ ಕೆಲಸ. ಹೊಲದಲ್ಲಿ ಇದನ್ನು ಯಾರೂ ತಪ್ಪು ಅನ್ನಲ್ಲ. ಹಾಗಾದರೆ ಸೈಟಿಗೆ, ಆಫೀಸಿಗೆ ಬಂದ ಕೂಡಲೇ ಕಾರಣ ಯಾಕೆ ಬದಲಾಗಬೇಕು?

ಮೂರು ಪ್ರಶ್ನೆಗಳ ಟೆಸ್ಟ್

ಯಾವುದೇ ಡ್ರೆಸ್ ಕೋಡ್ ಸಿಕ್ಕರೆ ಈ ಮೂರು ಪ್ರಶ್ನೆ ಹಾಕಿ ನೋಡಿ.

1. ಈ ನಿಯಮ ಯಾವ ಕೆಲಸಕ್ಕೆ, ಯಾವ ಅಪಾಯ ತಪ್ಪಿಸೋಕೆ?
2. ಅದೇ ಕೆಲಸ ಮಾಡುವ ಎಲ್ಲರಿಗೂ ಇದು ಒಂದೇ ಥರ ಇದೆಯಾ?
3. ಇದರ ಖರ್ಚು, ತೊಂದರೆ ಯಾರ ಮೇಲೆ ಬೀಳುತ್ತೆ?

ನಮ್ಮ ವರ್ಕ್‌ಶಾಪ್ ನೋಡಿ. ಲೇತ್ ಹತ್ತಿರ ಹೋಗುವಾಗ ಕೂದಲು ಕಟ್ಟಿ, ದುಪಟ್ಟಾ ತೆಗೆದಿಡಿ, ಸಡಿಲ ತೋಳು ಬೇಡ, ಶೂ ಬೇಕು ಅಂತಾರೆ. ತಿರುಗುವ ಮಷಿನ್‌ಗೆ ಹುಡುಗ-ಹುಡುಗಿ ಗೊತ್ತಿಲ್ಲ. ಈ ನಿಯಮ ಪಾಸ್.

ಕಾನೂನನ್ನೂ ಇದೇ ಟೆಸ್ಟಿಗೆ ಹಚ್ಚಬಹುದು. 1948ರ ಕಾರ್ಖಾನೆ ಕಾಯ್ದೆಯ 22ನೇ ಸೆಕ್ಷನ್‌ನಲ್ಲಿ, ಓಡುತ್ತಿರುವ ಯಂತ್ರವನ್ನು ಪರೀಕ್ಷೆ ಮಾಡುವ, ಎಣ್ಣೆ ಬಿಡುವ ಕೆಲಸ ತರಬೇತಿ ಪಡೆದ ವಯಸ್ಕ ಗಂಡಸಿಗೇ ಅಂತ ಬರೆದಿದ್ದರು. ಆತ ಬಿಗಿ ಬಟ್ಟೆ ಹಾಕಿರಬೇಕು, ಆ ಬಟ್ಟೆಯನ್ನು ಕಾರ್ಖಾನೆಯವರೇ ಕೊಡಬೇಕು. ಬಿಗಿ ಬಟ್ಟೆ ಸರಿ, ಕೊಡೋರು ಕಾರ್ಖಾನೆಯವರು ಅನ್ನೋದು ಇನ್ನೂ ಸರಿ. ಆದರೆ ತರಬೇತಿ ಮತ್ತು ಬಟ್ಟೆ ಎರಡೂ ಇದ್ದ ಮೇಲೆ "ಗಂಡಸೇ" ಅನ್ನೋದಕ್ಕೆ ಕಾರಣ ಎಲ್ಲಿದೆ?

ನಮ್ಮ ರಾಜ್ಯದ್ದೇ ಇನ್ನೊಂದು ಉದಾಹರಣೆ. 2018ರಲ್ಲಿ, ನೀಲಮಣಿ ರಾಜು ಅವರು ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ, ಮಹಿಳಾ ಪೊಲೀಸರು ಡ್ಯೂಟಿಯಲ್ಲಿ ಖಾಕಿ ಸೀರೆಯ ಬದಲು ಪ್ಯಾಂಟ್-ಶರ್ಟ್ ಹಾಕಬೇಕು ಅಂತ ಆದೇಶವಾಯಿತು. ಸೀರೆಯುಟ್ಟು ಓಡೋದು ಕಷ್ಟ, ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಇದೆ. ಆದರೂ ವರ್ಷಗಟ್ಟಲೆ ಸೀರೆಯಲ್ಲೇ ಕೆಲಸ ಮಾಡಿದವರಿಗೆ ಹೊಂದಿಕೊಳ್ಳೋಕೆ ಸಮಯ ಬೇಕು ಅನ್ನೋದೂ ನಿಜ.

ಎರಡನೇ ಪ್ರಶ್ನೆ ಎಷ್ಟು ಗಟ್ಟಿ ಅಂತ ತೋರಿಸಿದ್ದು ಇಂಗ್ಲೆಂಡಿನ ನಿಕೋಲಾ ಥಾರ್ಪ್. 2015ರಲ್ಲಿ ಲಂಡನ್ನಿನ ಒಂದು ಆಫೀಸಿಗೆ ರಿಸೆಪ್ಷನಿಸ್ಟ್ ಆಗಿ ಹೋದಾಗ, 2ರಿಂದ 4 ಇಂಚಿನ ಹೀಲ್ಸ್ ಹಾಕಬೇಕು ಅಂದರು. ಗಂಡಸರಿಗೂ ಇದೇ ನಿಯಮ ಇದೆಯಾ ಅಂತ ಆಕೆ ಕೇಳಿದರು. ಹೀಲ್ಸ್ ಹಾಕಲ್ಲ ಅಂದಿದ್ದಕ್ಕೆ ಸಂಬಳವಿಲ್ಲದೆ ಮನೆಗೆ ಕಳಿಸಿದರು. ಮುಂದೆ ಆಕೆ ಶುರು ಮಾಡಿದ ಅರ್ಜಿಗೆ 1,50,000ಕ್ಕೂ ಹೆಚ್ಚು ಸಹಿ ಬಿದ್ದವು, 2017ರಲ್ಲಿ ಅಲ್ಲಿನ ಸಂಸತ್ತಿನಲ್ಲೇ ಚರ್ಚೆಯಾಯಿತು.

ಏನು ಮಾಡಬೇಕು?

*ನಿಯಮವನ್ನು ಬರಹದಲ್ಲಿ ಕೇಳಿ.* "ಸರ್, ಡ್ರೆಸ್ ಬಗ್ಗೆ ಇರೋ ಪಾಲಿಸಿ ಮೇಲ್ ಮಾಡ್ತೀರಾ?" ಅಂತ ಮರ್ಯಾದೆಯಿಂದಲೇ ಕೇಳಬಹುದು. ಎಷ್ಟೋ ನಿಯಮ ಬಾಯಿಮಾತಿನಲ್ಲಷ್ಟೇ ಇರ್ತಾವೆ.

*ಕೆಲಸದ ಭಾಷೆಯಲ್ಲಿ ಮಾತಾಡಿ.* "ನನಗೆ ಇಷ್ಟ ಇಲ್ಲ" ಅನ್ನೋದಕ್ಕಿಂತ "ಏಣಿ ಹತ್ತುವಾಗ ಇದು ಸಿಕ್ಕಿಕೊಳ್ಳುತ್ತೆ" ಅನ್ನಿ. ಇಂಜಿನಿಯರ್‌ಗೆ ಇಂಜಿನಿಯರ್ ಮಾತು ಬೇಗ ತಿಳಿಯುತ್ತೆ.

*ಒಬ್ಬರೇ ಹೋಗಬೇಡಿ.* ಹುಡುಗರೇ, ಇದು ನಿಮಗೆ. ನಿಯಮ ನಿಮಗಿಲ್ಲ ಅಂತ ಸುಮ್ಮನೆ ಕೂರಬೇಡಿ, ಜೊತೆಗೆ ನಿಂತು ನೀವೂ ಕೇಳಿ. ನಾಳೆ ನಿಮ್ಮ ಉದ್ದ ಕೂದಲು, ಕಿವಿಯ ರಿಂಗ್ ಮೇಲೂ ಮಾತು ಬರಬಹುದು.

*ದಿನಾಂಕ ಹಾಕಿ ಬರೆದಿಡಿ.* ಯಾರು, ಯಾವಾಗ, ಏನು ಅಂದರು ಅಂತ.

*ಕಾನೂನು ಎಲ್ಲಿ ಕೈ ಹಿಡಿಯುತ್ತೆ ಅಂತ ತಿಳಿದಿರಿ.* ಸಂವಿಧಾನದ 15 ಮತ್ತು 16ನೇ ವಿಧಿ ಲಿಂಗದ ಹೆಸರಲ್ಲಿ ಸರ್ಕಾರ ತಾರತಮ್ಯ ಮಾಡಬಾರದು ಅನ್ನುತ್ತವೆ. ಖಾಸಗಿ ಕಂಪನಿಯ ಡ್ರೆಸ್ ಕೋಡ್ ಮೇಲೆ ಇವನ್ನು ನೇರವಾಗಿ ಬಳಸೋದು ಕಷ್ಟ. ಆದರೆ ಬಟ್ಟೆ ನೆಪದಲ್ಲಿ ನಿಮ್ಮ ಮೈ ಬಗ್ಗೆ ಅಸಭ್ಯ ಮಾತು ಬಂದರೆ ವಿಷಯ ಬೇರೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆ ಕಾಯಂ ನೌಕರರಿಗಷ್ಟೇ ಅಲ್ಲ, ಟ್ರೇನಿಗಳಿಗೂ ಅನ್ವಯಿಸುತ್ತೆ. 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಸಾಮಾನ್ಯವಾಗಿ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು.

*ಕೆಲವೊಮ್ಮೆ ತಡೆದುಕೊಳ್ಳೋದೂ ಒಂದು ದಾರಿ.* ಮನೆಯ ಪರಿಸ್ಥಿತಿ, ಮಾರ್ಕ್ಸ್, ಮುಂದಿನ ಕೆಲಸ ಎಲ್ಲಾ ನೋಡಿಕೊಂಡು ಸುಮ್ಮನಿದ್ದರೆ ನೀವು ಹೆದರುಪುಕ್ಕಲರು ಅಂತಲ್ಲ. ಆದರೆ ಜೀವಕ್ಕೆ ಅಪಾಯ ಇರೋ ಕಡೆ ಮಾತ್ರ ಸುಮ್ಮನಿರಬೇಡಿ.

ಅಕ್ಕ ಏನು ಮಾಡಿದಳು?

ಜೊತೆಗಿದ್ದ ಇಬ್ಬರು ಹುಡುಗರನ್ನೂ ಸೇರಿಸಿಕೊಂಡು "ಸೈಟ್ ಸೇಫ್ಟಿ" ಅಂತ ಸಬ್ಜೆಕ್ಟ್ ಹಾಕಿ ಒಂದು ಮೇಲ್ ಕಳಿಸಿದಳು. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ, ಸೈಟಿನಲ್ಲಿ ದುಪಟ್ಟಾ ಬೇಡ, ಎಲ್ಲರಿಗೂ ಹೆಲ್ಮೆಟ್, ಜಾಕೆಟ್, ಸೇಫ್ಟಿ ಶೂ ಅಂತ ಹೇಳಿದರು. ಆಫೀಸಿನೊಳಗೆ ಮಾತ್ರ ಹಳೇ ನಿಯಮವೇ ಮುಂದುವರಿಯಿತು. ಸರ್ಟಿಫಿಕೇಟ್ ಏನೂ ನಿಲ್ಲಲಿಲ್ಲ.

ಪೂರ್ತಿ ಗೆದ್ದಳು ಅಂತ ನಾವು ಹೇಳಲ್ಲ. ಆದರೆ ಈ ವರ್ಷ ಅದೇ ಸೈಟಿಗೆ ಹೋಗೋ ನಮ್ಮ ಕ್ಲಾಸಿನ ಹುಡುಗಿ ದುಪಟ್ಟಾ ಇಲ್ಲದೆ ಏಣಿ ಹತ್ತುತ್ತಾಳೆ. ಆಫೀಸಿನೊಳಗಿನ ನಿಯಮದ ಬಗ್ಗೆ ಈ ಸಲ ಅವಳು ಕೇಳ್ತಾಳಂತೆ. ಜೊತೆಗೆ ನಾವೂ ಇರ್ತೇವೆ.