ಒತ್ತಿದರೆ ದಾರಿ ತೋರುವ ನಕ್ಷೆ: ಜಾಲಪುಟದಲ್ಲಿ ಇಮೇಜ್ ಮ್ಯಾಪ್ ರಚನೆ

ರಾಜ್ಯವೊಂದರ ನಕ್ಷೆಯಲ್ಲಿ ತಮ್ಮ ಜಿಲ್ಲೆಯ ಮೇಲೆ ಒತ್ತಿದೊಡನೆ ಆ ಜಿಲ್ಲೆಯ ಕಚೇರಿಗಳ ವಿವರವು ಪರದೆಯ ಮೇಲೆ ಮೂಡುವುದನ್ನು ಅನೇಕರು ಕಂಡಿರಬಹುದು. ಹೀಗೆ ಒಂದೇ ಚಿತ್ರದ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕೊಂಡಿಗಳನ್ನು ಜೋಡಿಸುವ ವಿಧಾನಕ್ಕೆ ಇಮೇಜ್ ಮ್ಯಾಪ್ ಎಂದು ಹೆಸರು. ಹೈದರಾಬಾದು ರಾಜಧಾನಿಯಾಗಿರುವ ತೆಲಂಗಾಣ ರಾಜ್ಯದ ನಕ್ಷೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದರ ರಚನಾಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ರಚನಾಕ್ರಮ

ಜಾಲಪುಟಗಳನ್ನು ಎಚ್‌ಟಿಎಂಎಲ್ ಎಂಬ ಗಣಕ ಭಾಷೆಯಲ್ಲಿ ಬರೆಯಲಾಗುತ್ತದೆ. ಮೊದಲಿಗೆ, ಚಿತ್ರದಲ್ಲಿ ಒತ್ತಿದ ಸ್ಥಳ ಯಾವುದೆಂಬುದನ್ನು ದೂರದ ಸರ್ವರ್ ನಿರ್ಧರಿಸಬೇಕಾಗಿತ್ತು. 1997ರ ಜನವರಿಯಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ 3.2ರಲ್ಲಿ ಈ ಕಾರ್ಯವನ್ನು ಬಳಕೆದಾರರ ಬ್ರೌಸರೇ ಮಾಡುವ ವ್ಯವಸ್ಥೆಯೂ ಸೇರಿತ್ತು.

ಇದಕ್ಕೆ ಮೂರು ಟ್ಯಾಗುಗಳು ಸಾಕು. 'ಇಮೇಜ್' ಟ್ಯಾಗು ಚಿತ್ರವನ್ನು ತೋರಿಸುತ್ತದೆ; 'ಮ್ಯಾಪ್' ಟ್ಯಾಗು ಕೊಂಡಿಗಳ ಪಟ್ಟಿಗೆ ಹೆಸರು ನೀಡುತ್ತದೆ; 'ಏರಿಯಾ' ಟ್ಯಾಗು ಪಟ್ಟಿಯೊಳಗಿನ ಒಂದೊಂದು ಪ್ರದೇಶವನ್ನು ಗುರುತಿಸುತ್ತದೆ. ಪ್ರದೇಶದ ಅಳತೆಯನ್ನು ಚಿತ್ರದ ಮೇಲಿನ ಎಡಮೂಲೆಯಿಂದ, ಪಿಕ್ಸೆಲ್ ಎಂಬ ಚುಕ್ಕೆಗಳಲ್ಲಿ ಎಣಿಸತಕ್ಕದ್ದು. ಆಯತಕ್ಕೆ ಎದುರುಬದುರಿನ ಎರಡು ಮೂಲೆಗಳ ನಾಲ್ಕು ಅಂಕೆಗಳು, ವೃತ್ತಕ್ಕೆ ಕೇಂದ್ರ ಹಾಗೂ ತ್ರಿಜ್ಯದ ಮೂರು ಅಂಕೆಗಳು ಬೇಕು. ಜಿಲ್ಲೆಯ ಅಂಕುಡೊಂಕಾದ ಗಡಿಗೆ ಬಹುಭುಜಾಕೃತಿಯೇ ಸೂಕ್ತ. ಗಡಿಯ ಪ್ರತಿ ತಿರುವಿಗೂ ಒಂದು ಜೊತೆ ಅಂಕೆಗಳನ್ನು ಕೊಡಬೇಕು.

ಚಿಕ್ಕ ಜಿಲ್ಲೆಯ ತೊಡಕು

ತೆಲಂಗಾಣದ ವಿಸ್ತೀರ್ಣ 1,12,077 ಚದರ ಕಿಲೋಮೀಟರ್. ಹೈದರಾಬಾದು ಜಿಲ್ಲೆಯದು ಕೇವಲ 217. ನಕ್ಷೆಯಲ್ಲಿ ರಾಜ್ಯಕ್ಕೆ ಒಂದೂವರೆ ಲಕ್ಷ ಚುಕ್ಕೆಗಳು ದೊರೆತರೆ ರಾಜಧಾನಿಯ ಪಾಲಿಗೆ ಸುಮಾರು 290 ಮಾತ್ರ. ಅಂದರೆ ಬದಿಗೆ 17 ಚುಕ್ಕೆಗಳ ಚೌಕದಷ್ಟು ಜಾಗ. ಮೊಬೈಲ್ ಪರದೆಯಲ್ಲಿ ಇದು ಬೆರಳಿಗೆ ಸಿಗುವುದು ಕಷ್ಟ. ನಕ್ಷೆಯ ಹೊರಗಿನ ಖಾಲಿ ಜಾಗದಲ್ಲಿ ಜಿಲ್ಲೆಯ ಹೆಸರನ್ನು ಬರೆದು, ಗೆರೆಯೆಳೆದು ಜೋಡಿಸಿ, ಆ ಹೆಸರಿನ ಸುತ್ತಲ ಆಯತಕ್ಕೂ ಅದೇ ಕೊಂಡಿಯನ್ನು ನೀಡುವುದು ಇದಕ್ಕೆ ಪರಿಹಾರ. ಪರದೆಗೆ ತಕ್ಕಂತೆ ಚಿತ್ರವು ಕುಗ್ಗಿದರೂ ಅಂಕೆಗಳು ತಾವಾಗಿ ಕುಗ್ಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಅರ್ಧಕ್ಕಿಳಿದ ಚಿತ್ರಕ್ಕೆ ಅಂಕೆಗಳನ್ನೂ ಅರ್ಧ ಮಾಡದಿದ್ದರೆ ಒಂದು ಜಿಲ್ಲೆಯನ್ನು ಒತ್ತಿದವರಿಗೆ ಇನ್ನೊಂದರ ಪುಟ ತೆರೆದೀತು.

ಗಡಿ ಬದಲಾದಾಗ

ಚಿತ್ರವೂ ಅಂಕೆಗಳೂ ಬೇರೆ ಬೇರೆ. 2014ರ ಜೂನ್ 2ರಂದು ತೆಲಂಗಾಣ ಸ್ಥಾಪನೆಯಾದಾಗ 10 ಜಿಲ್ಲೆಗಳಿದ್ದವು. 2016ರ ಅಕ್ಟೋಬರ್ 11ರಂದು ಅವು 31 ಆದವು; 2019ರ ಫೆಬ್ರವರಿ 17ರಂದು ಮುಲುಗು ಮತ್ತು ನಾರಾಯಣಪೇಟೆ ಸೇರಿ 33 ಆದವು. ಕರ್ನಾಟಕದ ಗಡಿಗೆ ಹೊಂದಿದ ನಾರಾಯಣಪೇಟೆ ಮೊದಲು ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. ಇಂತಹ ಸಂದರ್ಭದಲ್ಲಿ ಹೊಸ ಚಿತ್ರವನ್ನು ಹಾಕಿ ಹಳೆಯ ಅಂಕೆಗಳನ್ನೇ ಉಳಿಸಿದರೆ, ನೋಟಕ್ಕೆ ಎಲ್ಲವೂ ಸರಿಯಾಗಿರುತ್ತದೆ. ಆದರೆ ನಾರಾಯಣಪೇಟೆಯನ್ನು ಒತ್ತಿದ ರೈತನಿಗೆ ಮಹಬೂಬ್‌ನಗರದ ಕಚೇರಿಯ ವಿಳಾಸ ದೊರೆಯುತ್ತದೆ. ಅದನ್ನು ನಂಬಿ ಹೊರಟರೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ವ್ಯರ್ಥ. ಆದುದರಿಂದ ನಕ್ಷೆ ಬದಲಾದಾಗಲೆಲ್ಲ ಪ್ರತಿಯೊಂದು ಪ್ರದೇಶವನ್ನೂ ಒತ್ತಿ ಪರೀಕ್ಷಿಸುವುದು ಅವಶ್ಯಕ.

ಕಣ್ಣು ಕಾಣದವರಿಗೆ

ದೃಷ್ಟಿಹೀನರು ಪುಟವನ್ನು ಓದಿ ಹೇಳುವ ತಂತ್ರಾಂಶದ ನೆರವು ಪಡೆಯುತ್ತಾರೆ. ಅದಕ್ಕೆ ಗಡಿರೇಖೆ ತಿಳಿಯದು, ಪದ ಮಾತ್ರ ತಿಳಿಯುತ್ತದೆ. ಪ್ರತಿ 'ಏರಿಯಾ' ಟ್ಯಾಗಿನಲ್ಲಿ 'ಆಲ್ಟ್' ಎಂಬ ಅಂಶದಡಿ ಜಿಲ್ಲೆಯ ಹೆಸರನ್ನು ತಪ್ಪದೆ ಬರೆಯಬೇಕು. ನಕ್ಷೆಯ ಕೆಳಗೆ ಜಿಲ್ಲೆಗಳ ಹೆಸರುಗಳನ್ನು ಅಕಾರಾದಿಯಾಗಿ ಕೊಂಡಿಗಳ ಸಹಿತ ನೀಡುವುದು ಇನ್ನೂ ಉತ್ತಮ. ನಕ್ಷೆ ಓದುವ ಅಭ್ಯಾಸವಿಲ್ಲದವರಿಗೂ ಚಿಕ್ಕ ಪರದೆಯವರಿಗೂ ಈ ಪಟ್ಟಿಯೇ ಸುಲಭದ ದಾರಿಯಾಗುತ್ತದೆ.