ಗಾಲ್ಫ್ ಆಟಕ್ಕೆ ನಡಿಗೆಯೋ, ಗಾಡಿಯೋ?

ಪ್ರಶ್ನೆ: ನನಗೆ 61 ವರ್ಷ. ನಿವೃತ್ತಿಯ ಬಳಿಕ ಪಿಲಿಕುಳದಲ್ಲಿ ಗಾಲ್ಫ್ ಕಲಿಯುತ್ತಿದ್ದೇನೆ. ಮೆಟ್ಟಿಲು ಇಳಿಯುವಾಗ ಬಲ ಮೊಣಕಾಲು ನೋಯುತ್ತದೆ. ಗೆಳೆಯರು ಗಾಡಿ ಹತ್ತು ಅನ್ನುತ್ತಾರೆ, ಮನೆಯಾಕೆ ನಡೆಯಿರಿ ಅನ್ನುತ್ತಾಳೆ. ಯಾವುದು ಸರಿ?
– ಓದುಗರೊಬ್ಬರು, ಪಾಣೆಮಂಗಳೂರು

ಉತ್ತರ: ನಿಮ್ಮ ಮನೆಯವರ ಮಾತೇ ಸರಿ. ನಡೆಯಿರಿ, ಆದರೆ ಗಾಲ್ಫ್ ಕೋಲುಗಳ ಚೀಲ ಹೊರಬೇಡಿ. 18 ಹೋಲ್‌ಗಳ ಪೂರ್ತಿ ಆಟಕ್ಕೆ ಸುಮಾರು 8ರಿಂದ 10 ಕಿ.ಮೀ. ನಡಿಗೆಯಾಗುತ್ತದೆ. ಗಾಲ್ಫ್‌ನಿಂದ ಹೃದಯಕ್ಕೆ ಸಿಗುವ ಲಾಭದ ದೊಡ್ಡ ಪಾಲು ಈ ನಡಿಗೆಯದೇ. ಸೊಂಟ, ಮೊಣಕಾಲಿಗೆ ಹೊರೆಯಾಗುವುದು ಹೆಗಲ ಮೇಲಿನ ಚೀಲ. ಅದನ್ನು ಕ್ಯಾಡಿಗೆ ಕೊಡಿ, ಇಲ್ಲವೇ ಕೈಯಲ್ಲಿ ತಳ್ಳುವ ಟ್ರಾಲಿಯಲ್ಲಿಡಿ.

ಇಳಿಯುವಾಗ ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚು. ಆದ್ದರಿಂದ ಇಳಿಜಾರಿನಲ್ಲಿ ನೆಟ್ಟಗೆ ಇಳಿಯದೆ, ಓರೆಯಾಗಿ ಸಣ್ಣ ಹೆಜ್ಜೆ ಇಡಿ. ಸದ್ಯಕ್ಕೆ 9 ಹೋಲ್ ಸಾಕು. ತೊಡೆಯ ಸ್ನಾಯು ಗಟ್ಟಿಯಾಗಲು ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರವಾಗಿ ಎತ್ತಿ, 5 ಎಣಿಸಿ ಇಳಿಸಿ. ಬೆಳಿಗ್ಗೆ, ಸಂಜೆ ಹತ್ತತ್ತು ಸಲ ಮಾಡಿ. ಏಪ್ರಿಲ್–ಮೇ ಸೆಖೆಯಲ್ಲಿ ಬೆಳಿಗ್ಗೆ ಬೇಗ ಆಡಿ, ನೀರು ಕುಡಿಯುತ್ತಿರಿ.

ನೋವು ಹೆಚ್ಚಿದ ದಿನ ಗಾಡಿ ಹತ್ತಲು ಸಂಕೋಚ ಬೇಡ. ಕಾಲಿನ ರಕ್ತಪರಿಚಲನೆಯ ಕಾಯಿಲೆಯಿದ್ದ ಗಾಲ್ಫ್ ಆಟಗಾರ ಕೇಸಿ ಮಾರ್ಟಿನ್ ವೃತ್ತಿಪರ ಪಂದ್ಯಗಳಲ್ಲೇ ಗಾಡಿ ಬಳಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ಕೊಟ್ಟಿತ್ತು. ಗಾಡಿಯಲ್ಲಿ ಹೋದರೂ ಹುಲ್ಲಿನ ಮೇಲೆ ಸಾಧ್ಯವಾದಷ್ಟು ನಡೆಯಿರಿ.

ಮೊಣಕಾಲು ಊದಿದರೆ, ಮಡಚಲಾಗದೆ ಸಿಕ್ಕಿಕೊಂಡರೆ ಅಥವಾ ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ ಆಟ ನಿಲ್ಲಿಸಿ, ಮೂಳೆತಜ್ಞರನ್ನು ಕಾಣಿ.